ಖರಾಬು ಜಮೀನಿನ ಹಕ್ಕಿ

ಪಹಣಿ ಓದೋಕೆ ಬರುತ್ತಾ ನಿಮಗೆ? ನಮ್ಮ ವಯಸ್ಸಿನವರಲ್ಲಿ ಹೆಚ್ಚಿನವರಿಗೆ ಪೇಸ್ಲಿಪ್ ಓದೋಕೆ ಬರುತ್ತೆ, ಪಹಣಿ ಓದೋಕೆ ಬರಲ್ಲ. 2000ನೇ ಇಸವಿಯಲ್ಲಿ ‘ಭೂಮಿ’ ಯೋಜನೆ ಬಂದ ಮೇಲೆ ಕೈಬರಹದ ಪಹಣಿಗಳೆಲ್ಲ ಕಂಪ್ಯೂಟರಿಗೆ ಸೇರಿದವು. ಈಗ ಮೊಬೈಲಿನಲ್ಲೇ ತೆಗೆದು ನೋಡಬಹುದು. ಸರ್ವೆ ನಂಬರು, ಒಟ್ಟು ವಿಸ್ತೀರ್ಣ, ಅದರ ಕೆಳಗೆ ‘ಖರಾಬು’ ಅಂತ ಒಂದು ನಮೂದು ಇರುತ್ತದೆ. ಅದರಲ್ಲೂ ಎರಡು ಬಗೆ, ‘ಅ’ ಖರಾಬು ಮತ್ತು ‘ಬ’ ಖರಾಬು. ಕಲ್ಲು, ಕೊರಕಲು, ಉಳುಮೆಗೆ ಬಾರದ ನೆಲ ಮೊದಲನೆಯದಕ್ಕೆ ಸೇರುತ್ತದೆ. ದಾರಿ, ಹಳ್ಳದಂಥ ಸಾರ್ವಜನಿಕ ಉಪಯೋಗದ್ದು ಎರಡನೆಯದಕ್ಕೆ. ಒಟ್ಟು ಜಮೀನಿನಲ್ಲಿ ಇದನ್ನು ಕಳೆದು ಉಳಿದದ್ದೇ ಸಾಗುವಳಿ ಲೆಕ್ಕ. ಉರ್ದುವಿನಿಂದ ಬಂದ ಈ ಪದಕ್ಕೆ ಕೆಟ್ಟದ್ದು, ಹಾಳಾದದ್ದು ಅಂತ ಅರ್ಥ.

ಈ ಬರಹ ಆ ಕಳೆದುಹಾಕಿದ ಜಾಗದಲ್ಲಿ ವಾಸ ಮಾಡುವ ಒಂದು ಹಕ್ಕಿಯ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಹಕ್ಕಿ ನಮ್ಮ ಮುಂದಿಡುವ ಒಂದು ಪ್ರಶ್ನೆಯ ಬಗ್ಗೆ: ಯಾರಿಗೂ ಬೇಕಾಗಿಲ್ಲದ, ಯಾರ ಕಣ್ಣಿಗೂ ಬೀಳದ ಒಂದು ಜೀವಕ್ಕೆ ಬೆಲೆ ಇದೆಯಾ? ಇದ್ದರೆ, ಆ ಬೆಲೆ ತೆರಬೇಕಾದವರು ಯಾರು?

ಹಕ್ಕಿಯ ಪರಿಚಯ ಮೊದಲು ಮಾಡಿಕೊಡ್ತೀನಿ. ಕನ್ನಡದ ಪಕ್ಷಿಪುಸ್ತಕಗಳಲ್ಲಿ ಈ ಬಳಗಕ್ಕೆ ಉಲಿಯಕ್ಕಿ ಅಂತ ಹೆಸರು. ನಾನು ಹೇಳುತ್ತಿರುವುದು ಅದರಲ್ಲಿ ಬೂದು ಬಣ್ಣದ್ದನ್ನು. ಇಂಗ್ಲಿಷಿನವರು ಆಶಿ ಪ್ರಿನಿಯಾ ಅಂತಾರೆ. ರಾಯಚೂರಿನ ಕಡೆ ಹೋಗಿ ಇದೇನು ಅಂತ ತೋರಿಸಿ ಕೇಳಿದರೆ ಸಿಗುವ ಉತ್ತರ ಒಂದೇ: “ಯಾವ್ದೋ ಗುಬ್ಬಿ ಬಿಡ್ರಿ.” ಬಾಲ ಸೇರಿಸಿ 13 ಸೆಂಟಿಮೀಟರ್ ಉದ್ದ, ತೂಕ ಹತ್ತು ಗ್ರಾಮಿಗೂ ಕಮ್ಮಿ. ಬೆನ್ನು ಬೂದಿ ಬಣ್ಣ, ಹೊಟ್ಟೆ ತೆಳು ಕಂದು, ಬಾಲ ಸದಾ ಮೇಲಕ್ಕೆ. ಪೊದೆಯಿಂದ ಪೊದೆಗೆ ಹಾರುವಾಗ ವೈರಿನಲ್ಲಿ ಕಿಡಿ ಸಿಡಿದ ಹಾಗೆ ಚಟಪಟ ಸದ್ದು ಮಾಡುತ್ತದೆ. ಮಳೆ ಬಿದ್ದ ಮೇಲೆ ಗೂಡು ಕಟ್ಟುತ್ತದೆ. ದೊಡ್ಡ ಎಲೆಗಳನ್ನು ಜೇಡರ ಬಲೆಯ ಎಳೆಯಿಂದ ಹೊಲಿದು, ಒಳಗೆ ಮೆತ್ತನೆಯ ನಾರು ಹಾಸಿ, ಇಟ್ಟಿಗೆ ಕೆಂಪಿನ ಹೊಳೆಯುವ ಮೂರೋ ನಾಲ್ಕೋ ಮೊಟ್ಟೆ ಇಡುತ್ತದೆ. ಸುಮಾರು ಹನ್ನೆರಡು ದಿನ ಕಾವು. ಗಂಡು ಹೆಣ್ಣು ಎರಡೂ ಸೇರಿ ಮರಿ ಸಾಕುತ್ತವೆ.

ದೂರದ ಹಕ್ಕಿ ಅಂದುಕೊಳ್ಳಬೇಡಿ. ರಾಯಚೂರು ಕೋಟೆಯ ಸುತ್ತಲಿನ ಪೊದೆಗಳಲ್ಲಿದೆ, ಮಾನ್ವಿಯ ಗದ್ದೆ ಬದುಗಳಲ್ಲಿದೆ, ದೇವದುರ್ಗದ ಹತ್ತಿ ಹೊಲದ ಬೇಲಿಯಲ್ಲಿದೆ. ಬೆಂಗಳೂರಲ್ಲಿ ನಿಮ್ಮ ಟೆಕ್ ಪಾರ್ಕಿನ ಗೋಡೆ ಪಕ್ಕ ಒಂದಿಷ್ಟು ಪೊದೆ ಉಳಿದಿದ್ದರೆ ಅಲ್ಲೂ ಇರುತ್ತದೆ. ಸ್ಮೋಕ್ ಬ್ರೇಕಿಗೆ ನೀವು ನಿಲ್ಲುವ ಜಾಗದಿಂದ ನಾಲ್ಕಡಿ ದೂರದಲ್ಲಿ.

ವಿಜ್ಞಾನಕ್ಕೆ ಇದರ ಪರಿಚಯ ಆಗಿದ್ದು ನಮ್ಮ ದಖ್ಖನ್ನಿನಿಂದಲೇ. ಕರ್ನಲ್ ಸೈಕ್ಸ್ ಎಂಬ ಬ್ರಿಟಿಷ್ ಸೇನಾಧಿಕಾರಿ 1832ರಲ್ಲಿ ದಖ್ಖನ್ನಿನ ಹಕ್ಕಿಗಳ ಪಟ್ಟಿ ಪ್ರಕಟಿಸಿದ. ಪ್ರಿನಿಯಾ ಸೋಶಿಯಾಲಿಸ್ ಎಂಬ ಹೆಸರು ಅಲ್ಲಿಂದ ಬಂತು. ಸಲೀಂ ಅಲಿಯವರ ಪುಸ್ತಕದ ಹಳೆಯ ಮುದ್ರಣಗಳಲ್ಲಿ ಇದು ‘ರೆನ್-ವಾರ್ಬ್ಲರ್’. ರೆನ್ ಅಂದರೆ ಬಾಲ ನಿಗುರಿಸಿಕೊಂಡು ಪೊದೆಯಲ್ಲಿ ಓಡಾಡುವ, ಯೂರೋಪಿನವರಿಗೆ ಚಿಕ್ಕಂದಿನಿಂದ ಗೊತ್ತಿರುವ ಪುಟ್ಟ ಕಂದು ಹಕ್ಕಿ. ಇಲ್ಲಿಗೆ ಬಂದವರು ನಮ್ಮ ಪೊದೆಯಲ್ಲಿ ಅದೇ ನಡವಳಿಕೆ ಕಂಡು ಅದೇ ಹೆಸರು ಅಂಟಿಸಿದರು.

ನಿಜವಾದ ರೆನ್‌ಗಳು ಬೇರೆಯೇ ಕುಟುಂಬ. 80ಕ್ಕೂ ಹೆಚ್ಚು ಜಾತಿಗಳಿವೆ, ಒಂದನ್ನು ಬಿಟ್ಟರೆ ಎಲ್ಲವೂ ಅಮೆರಿಕ ಖಂಡಗಳವು. ಆ ಒಂದು ಭಾರತದಲ್ಲಿ ಹಿಮಾಲಯದವರೆಗೆ ಬಂದಿದೆ, ನಮ್ಮ ಕಡೆ ಇಳಿದಿಲ್ಲ. ದಕ್ಷಿಣ ಅಮೆರಿಕದ ಕಾಡುಗಳ ನೆಲಮಟ್ಟದ ಕತ್ತಲಲ್ಲಿ ವುಡ್-ರೆನ್ ಎಂಬ ಗುಂಪಿದೆ. ನಮ್ಮ ಉಲಿಯಕ್ಕಿಗೂ ಅದಕ್ಕೂ ರಕ್ತಸಂಬಂಧ ಇಲ್ಲ. ಬದುಕುವ ರೀತಿ ಮಾತ್ರ ಒಂದೇ: ಸಣ್ಣ ಮೈ, ಮಾಸಿದ ಬಣ್ಣ, ದಟ್ಟ ಪೊದೆ, ಮೈಗಿಂತ ದೊಡ್ಡ ದನಿ. ಕಾಣಿಸಿಕೊಳ್ಳದೇ ಕೇಳಿಸಿಕೊಳ್ಳುವ ಬದುಕು.

ಅದರಲ್ಲಿ ಒಂದು ರೆನ್‌ನ ಕತೆ ನನ್ನನ್ನು ಬಹಳ ದಿನ ಕಾಡಿದೆ. ಕೊಲಂಬಿಯಾದ ಪಶ್ಚಿಮ ಆಂಡೀಸ್ ಬೆಟ್ಟಸಾಲಿನಲ್ಲಿ ಮುಂಚಿಕೆ ಎಂಬ ರಾಷ್ಟ್ರೀಯ ಉದ್ಯಾನ ಇದೆ, ಸದಾ ಮೋಡ ಕವಿದ ಕಾಡು. ಅಲ್ಲಿನ ಪೊದೆಗಳಲ್ಲಿದ್ದ ಒಂದು ವುಡ್-ರೆನ್ ಬೇರೆಯದೇ ಜಾತಿ ಅಂತ ವಿಜ್ಞಾನಿಗಳು ಪ್ರಕಟಿಸಿದ್ದು 2003ರಲ್ಲಿ. ಅದೇ ಬೆಟ್ಟಸಾಲಿನಲ್ಲಿ ಅದನ್ನು ಹೋಲುವ ಇನ್ನೊಂದು ರೆನ್ ಇದೆ. ನೋಡೋಕೆ ಅಕ್ಕತಂಗಿಯರ ಹಾಗೆ. ಗುಟ್ಟು ಬಿಟ್ಟುಕೊಟ್ಟಿದ್ದರಲ್ಲಿ ಹಾಡಿನದು ದೊಡ್ಡ ಪಾಲು. ಹಾಡು ಬೇರೆ, ಆಮೇಲೆ ಗರಿಗಳನ್ನು ಹತ್ತಿರದಿಂದ ನೋಡಿದರೆ ಅವೂ ಬೇರೆ.

ಈಗ ಯೋಚನೆ ಮಾಡಿ. 2002ರಲ್ಲಿ ಆ ಹಕ್ಕಿ ಇತ್ತಾ? ಇತ್ತು. ಲಕ್ಷಾಂತರ ವರ್ಷಗಳಿಂದ ಇತ್ತು. ಆ ವರ್ಷ ಯಾರಾದರೂ ಆ ಬೆಟ್ಟದ ಕಾಡು ಪೂರ್ತಿ ಕಡಿದಿದ್ದರೆ ಒಂದು ಜಾತಿಯೇ ಅಳಿದುಹೋಗುತ್ತಿತ್ತು, ಅದು ಯಾವ ದಾಖಲೆಯಲ್ಲೂ ಬರುತ್ತಿರಲಿಲ್ಲ. ಯಾರೂ ಅಳುತ್ತಿರಲಿಲ್ಲ, ಯಾವ ಪತ್ರಿಕೆಯೂ ಬರೆಯುತ್ತಿರಲಿಲ್ಲ. ಹಾಗಾದರೆ ಅದು ನಷ್ಟವೇ ಅಲ್ಲವಾ? ಯಾರಿಗೂ ಗೊತ್ತಾಗದ ನಷ್ಟ ನಷ್ಟ ಹೌದೋ ಅಲ್ಲವೋ?

ಹಕ್ಕಿಪಕ್ಷಿ ಯಾಕೆ ಉಳಿಸಬೇಕು ಅಂತ ಕೇಳಿದರೆ ಸಾಮಾನ್ಯವಾಗಿ ಮೂರು ಉತ್ತರ ಬರುತ್ತವೆ. ಮೂರನ್ನೂ ನಮ್ಮ ಬೂದು ಉಲಿಯಕ್ಕಿಯ ಮೇಲೆ ಹಾಕಿ ನೋಡೋಣ.

ಮೊದಲನೆಯದು ಉಪಯೋಗ. ಹುಳ ತಿನ್ನುತ್ತೆ, ರೈತನ ಮಿತ್ರ. ಹುಳ ತಿನ್ನೋದು ನಿಜ. ಆದರೆ ಗುಲಾಬಿ ಕಾಯಿಕೊರಕ ಬಿದ್ದ ಹತ್ತಿ ಹೊಲವನ್ನು ಹತ್ತು ಗ್ರಾಮಿನ ಎರಡು ಹಕ್ಕಿ ಉಳಿಸುತ್ತವೆ ಅಂತ ದೇವದುರ್ಗದ ರೈತನ ಮುಂದೆ ಹೇಳಿ ನೋಡಿ, ಚಹಾ ಕೊಟ್ಟು ಕಳಿಸ್ತಾರೆ. ಉಪಯೋಗದ ವಾದಕ್ಕೆ ಇನ್ನೊಂದು ತೊಂದರೆಯೂ ಇದೆ. ಅದಕ್ಕಿಂತ ಚೆನ್ನಾಗಿ ಅದೇ ಕೆಲಸ ಮಾಡುವ ಔಷಧಿ ಬಂದ ದಿನ ಹಕ್ಕಿಗೆ ಇದ್ದ ಹಕ್ಕು ಮುಗಿಯುತ್ತದೆ. ಲೇ-ಆಫ್ ಕಂಡ ನಮ್ಮ ಪೀಳಿಗೆಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿನ್ನ ಉಪಯೋಗವೇ ನಿನ್ನ ಬೆಲೆ ಅಂತ ಒಪ್ಪಿಕೊಂಡರೆ, ಉಪಯೋಗ ತೀರಿದ ದಿನ ಮಾತಾಡೋಕೆ ಏನೂ ಉಳಿದಿರಲ್ಲ.

ಎರಡನೆಯದು ಅಂದ. ಮೊಬೈಲ್ ವಾಲ್‌ಪೇಪರಿಗೆ ಮಿಂಚುಳ್ಳಿ ಬರುತ್ತೆ, ನವಿಲು ಬರುತ್ತೆ. ಬೂದು ಬಣ್ಣದ ಉಲಿಯಕ್ಕಿಯನ್ನು ಯಾರೂ ಹಾಕಿಕೊಂಡಿದ್ದು ನೋಡಿಲ್ಲ. ಯಾವ ದೇವರ ವಾಹನವೂ ಅಲ್ಲ.

ಮೂರನೆಯದು ಅಪರೂಪ. ತುಂಗಭದ್ರೆ ದಾಟಿದರೆ ಸಿರುಗುಪ್ಪ. ಅಲ್ಲಿ ಬೆರಳೆಣಿಕೆಯಷ್ಟು ಎರೆಭೂತ ಹಕ್ಕಿಗಳು ಉಳಿದಿವೆ, ಅವುಗಳಿಗೆ ವರದಿ, ಕೋರ್ಟು, ಯೋಜನೆ ಎಲ್ಲ ಇದೆ. ಇರಲೇಬೇಕು. ಉಲಿಯಕ್ಕಿ ಮಾತ್ರ ಅಳಿವಿನ ಅಂಚಿನ ಪಟ್ಟಿಯಲ್ಲಿಲ್ಲ. ಬೇಕಾದಷ್ಟಿವೆ. ಒಂದು ಪೊದೆ ಹೋದರೆ ಜಾತಿಗೆ ಏನೂ ಆಗಲ್ಲ. ಆದರೆ ಜಾತಿ ಎಂಬುದಕ್ಕೆ ಹಸಿವಾಗಲ್ಲ, ಮಳೆಯಲ್ಲಿ ನೆನೆಯಲ್ಲ. ಪೊದೆಯಲ್ಲಿರುವ ಈ ಒಂದು ಜೋಡಿಗೆ ಅದೆಲ್ಲ ಆಗುತ್ತೆ.

ಮೂರೂ ಪರೀಕ್ಷೆಯಲ್ಲಿ ಫೇಲು. ಹಾಗಾಗಿಯೇ ಪ್ರಶ್ನೆಗೆ ಇದು ಒಳ್ಳೆಯ ಉದಾಹರಣೆ. ಹುಲಿಯ ವಿಷಯದಲ್ಲಿ ಈ ಪ್ರಶ್ನೆ ಕೇಳಿದರೆ ಅಂದ, ಹೆಮ್ಮೆ, ಟೂರಿಸಂ ಎಲ್ಲ ಬೆರೆತು ಉತ್ತರ ಮಸುಕಾಗುತ್ತದೆ.

1973ರಲ್ಲಿ ಬಲ್ಗೇರಿಯಾದ ವರ್ನಾದಲ್ಲಿ ನಡೆದ ವಿಶ್ವ ತತ್ವಶಾಸ್ತ್ರ ಸಮ್ಮೇಳನದಲ್ಲಿ ರಿಚರ್ಡ್ ರೌಟ್ಲಿ ಎಂಬುವರು ಒಂದು ಊಹೆ ಮುಂದಿಟ್ಟರು. ಭೂಮಿಯ ಮೇಲೆ ಒಬ್ಬನೇ ಮನುಷ್ಯ ಉಳಿದಿದ್ದಾನೆ. ಅವನ ನಂತರ ಯಾರೂ ಇಲ್ಲ. ಸಾಯುವ ಮುಂಚೆ ಅವನು ಕೈಗೆ ಸಿಕ್ಕ ಗಿಡ, ಪ್ರಾಣಿ, ಎಲ್ಲವನ್ನೂ ನಾಶ ಮಾಡುತ್ತಾ ಹೋಗುತ್ತಾನೆ. ಇದರಿಂದ ಯಾವ ಮನುಷ್ಯನಿಗೂ ನಷ್ಟವಿಲ್ಲ. ಹಾಗಾದರೆ ಅವನು ಮಾಡಿದ್ದು ತಪ್ಪಾ?

ನಮ್ಮ ಕಡೆಗೆ ತಂದು ಕೇಳ್ತೀನಿ. ಮಾನ್ವಿಯಲ್ಲಿ ಎಲ್ಲರೂ ಊರು ಬಿಟ್ಟು ಹೋಗಿದ್ದಾರೆ ಅಂದುಕೊಳ್ಳಿ, ಇನ್ಯಾರೂ ವಾಪಸ್ ಬರಲ್ಲ. ಕೊನೆಗೆ ಹೊರಡುವವನು ಗದ್ದೆ ಬದುಗಳ ಪೊದೆಗೆಲ್ಲ ಗೂಡು ಸಮೇತ ಬೆಂಕಿ ಕೊಟ್ಟು ಬಸ್ ಹತ್ತುತ್ತಾನೆ. ಜಾಗ ಬೇಕಿತ್ತು ಅಂತಲ್ಲ, ಸುಮ್ಮನೆ. ನಿಮಗೆ ಏನನ್ನಿಸುತ್ತೆ? ನಾನು ಕೇಳಿದವರಲ್ಲಿ ಎಲ್ಲರೂ, ಹಕ್ಕಿ ಬಗ್ಗೆ ಒಂದಿಷ್ಟೂ ಆಸಕ್ತಿ ಇಲ್ಲದವರೂ, “ಛೇ, ಅದ್ಯಾಕೆ ಹಂಗ ಮಾಡಬೇಕಿತ್ತು” ಅಂದರು. ಆ ‘ಛೇ’ ಎಲ್ಲಿಂದ ಬಂತು? ಬೆಲೆ ಅನ್ನೋದು ಮನುಷ್ಯರ ಉಪಯೋಗದಿಂದ ಮಾತ್ರ ಹುಟ್ಟುವುದಾದರೆ ಅಲ್ಲಿ ಛೇ ಅನ್ನೋಕೆ ಏನೂ ಇರಲಿಲ್ಲ.

ಇದಕ್ಕೆ ಒಂದು ಗಟ್ಟಿ ಆಕ್ಷೇಪ ಇದೆ, ನನ್ನ ಆಫೀಸಿನ ಗೆಳೆಯನೊಬ್ಬ ಎತ್ತಿದ್ದು. “ಬೆಲೆ ಅಂದ್ರೆ ಯಾರಾದ್ರೂ ಬೆಲೆ ಕಟ್ಟಬೇಕಲ್ಲಪ್ಪ. ಕಟ್ಟೋರೇ ಇಲ್ಲದ ಕಡೆ ಬೆಲೆ ಎಲ್ಲಿಂದ ಬರುತ್ತೆ? ಆ ಛೇ ಅನ್ನೋದೂ ನಿನ್ನ ಭಾವನೆನೇ.” ಮಾತು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. ನಾನು ಅದನ್ನು ಪೂರ್ತಿ ಒಪ್ಪಿಕೊಂಡೇ ಉತ್ತರ ಹುಡುಕಿದೆ. ಬೆಲೆ ಕಟ್ಟುವವರು ಬೇಕು, ಸರಿ. ಪೊದೆಯಲ್ಲಿ ಅಂಥವರು ಯಾರೂ ಇಲ್ಲ ಅಂತ ಹೇಳಿದ್ದು ಯಾರು?

ಗೂಡು ಕಟ್ಟುವ ಉಲಿಯಕ್ಕಿಯನ್ನು ನೋಡಿ. ಒಂದು ಎಲೆ ಹಿಡಿಯುತ್ತೆ, ಬಿಡುತ್ತೆ. ಇನ್ನೊಂದನ್ನು ಹಿಡಿಯುತ್ತೆ, ಅದನ್ನು ಹೊಲಿಯುತ್ತೆ. ಜೇಡರ ಬಲೆ ಹುಡುಕಿಕೊಂಡು ಹೋಗುತ್ತೆ. ಮುಂಗುಸಿ ಹತ್ತಿರ ಬಂದರೆ ಅರಚುತ್ತೆ. ಅದಕ್ಕೆ ಈ ಎಲೆ ಸರಿ, ಆ ಎಲೆ ಬೇಡ, ಮೊಟ್ಟೆ ಮುಖ್ಯ, ಮುಂಗುಸಿ ಕೆಟ್ಟದ್ದು. ನಮ್ಮ ಹಾಗೆ ತತ್ವಶಾಸ್ತ್ರ ಮಾಡದೇ ಇರಬಹುದು, ಆದರೆ ಒಳ್ಳೆಯದು-ಕೆಟ್ಟದ್ದು ಅನ್ನುವ ವ್ಯತ್ಯಾಸ ಆ ಪೊದೆಯೊಳಗೆ ಆಗಲೇ ನಡೆಯುತ್ತಿದೆ. ನಾವು ಹೋಗಿ ನೋಡುವ ಮುಂಚೆಯೇ ಅಲ್ಲಿ ಒಂದು ಜೀವಕ್ಕೆ ತನ್ನ ಬದುಕು ಬೇಕಾಗಿದೆ. ಮುಂಚಿಕೆಯ ರೆನ್‌ಗೆ 2002ರಲ್ಲೂ ತನ್ನ ಗೂಡು ಬೇಕಾಗಿತ್ತು. ನಮಗೆ ಗೊತ್ತಾಗಿದ್ದು ತಡವಾಗಿ, ಅಷ್ಟೇ. ಹಾಗಾಗಿ ಯಾರಿಗೂ ಬೇಕಾಗಿಲ್ಲದ ಜೀವ ಅಂತ ನಾನು ಆರಂಭದಲ್ಲಿ ಕೇಳಿದ ಪ್ರಶ್ನೆಯಲ್ಲಿ ‘ಯಾರಿಗೂ’ ಅನ್ನೋ ಪದದೊಳಗೆ ಮನುಷ್ಯರು ಮಾತ್ರ ಇದ್ದರು. ಆ ಜೀವಕ್ಕೆ ಅದು ಬೇಕು.

ಇದೇನು ಪಾಶ್ಚಾತ್ಯರು ಈಚೆಗೆ ಕಂಡುಹಿಡಿದ ಸಂಗತಿ ಅಲ್ಲ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನ ಇದೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಬ್ರಿಟಿಷ್ ಎಂಜಿನಿಯರಿಗೆ ಸಿಕ್ಕಿದ್ದು. ದೇವಾನಾಂಪ್ರಿಯ ಅಂದರೆ ಅಶೋಕನೇ ಅಂತ ಹೆಸರು ಹಿಡಿದು ಹೇಳಿದ ಶಾಸನ ಅಂತ ಶಾಲೆಯಲ್ಲಿ ಓದಿರ್ತೀರಿ. ಅದೇ ಅಶೋಕ ಪಟ್ಟಕ್ಕೆ ಬಂದು 26 ವರ್ಷ ಆದಾಗ ಉತ್ತರದ ಕಂಬಗಳ ಮೇಲೆ ಇನ್ನೊಂದು ಆಜ್ಞೆ ಬರೆಸಿದ. ಐದನೇ ಸ್ತಂಭಶಾಸನ ಅಂತಾರೆ. ಕೊಲ್ಲಬಾರದ ಪ್ರಾಣಿಗಳ ಪಟ್ಟಿ ಅದರಲ್ಲಿದೆ: ಗಿಳಿ, ಮೈನಾ, ಹಂಸ, ಬಾವಲಿ, ಇನ್ನೂ ಹಲವು. ಆಮೇಲೆ ಒಂದು ವಿಚಿತ್ರ ಮಾತು ಬರುತ್ತದೆ. ಉಪಯೋಗಕ್ಕೂ ಬಾರದ, ತಿನ್ನುವುದಕ್ಕೂ ಬಾರದ ಎಲ್ಲ ನಾಲ್ಕು ಕಾಲಿನ ಪ್ರಾಣಿಗಳನ್ನೂ ಆ ಪಟ್ಟಿಗೆ ಸೇರಿಸಿದ್ದಾನೆ.

ಮೊದಲ ಸಲ ಓದಿದಾಗ ನಾನು ಇದನ್ನು ತಲೆಕೆಳಗಾದ ತರ್ಕ ಅಂದುಕೊಂಡೆ. ಪಹಣಿಯ ಗುಮಾಸ್ತ ಉಪಯೋಗವಿಲ್ಲದ್ದನ್ನು ಕಳೆದುಹಾಕುತ್ತಾನೆ. ಈ ರಾಜ ಉಪಯೋಗವಿಲ್ಲದ್ದನ್ನು ಕೂಡಿಸಿಕೊಳ್ಳುತ್ತಾನೆ. ಆಮೇಲೆ ಹೊಳೆಯಿತು, ಅವನ ತರ್ಕ ಬಹಳ ಸರಳ. ತಿನ್ನೋಕೆ ಕೊಂದರೆ ಹಸಿವು ಅನ್ನುವ ಕಾರಣ ಇರುತ್ತೆ. ಯಾವ ಕಾರಣವೂ ಇಲ್ಲದ ಕಡೆ ಕೊಲ್ಲುವುದಕ್ಕೆ ಏನು ಸಮರ್ಥನೆ? ಕಾರಣ ಕೊಡಬೇಕಾದವನು ಕೊಲ್ಲುವವನು, ಉಳಿಸುವವನಲ್ಲ. ನಾವು ಈಗ ಕೇಳುವ ಪ್ರಶ್ನೆ ಉಲ್ಟಾ ಆಗಿಬಿಟ್ಟಿದೆ: ಈ ಹಕ್ಕಿ ಇರೋದ್ರಿಂದ ಏನು ಉಪಯೋಗ? ಅಶೋಕನ ಪ್ರಶ್ನೆ, ಇದನ್ನು ಇಲ್ಲವಾಗಿಸುವುದಕ್ಕೆ ನಿನ್ನ ಕಾರಣ ಏನು?

ಅದೇ ಶಾಸನದಲ್ಲಿ ಇನ್ನೊಂದು ಮಾತಿದೆ. ಒಳಗೆ ಜೀವಿಗಳಿರುವ ಹೊಟ್ಟನ್ನು ಸುಡಬಾರದು, ಕಾರಣವಿಲ್ಲದೆ ಕಾಡಿಗೆ ಬೆಂಕಿ ಹಚ್ಚಬಾರದು. ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಕೂಳೆ ಸುಡುವ ಹೊಗೆ ನೋಡಿದಾಗಲೆಲ್ಲ ನನಗೆ ಈ ಸಾಲು ನೆನಪಾಗುತ್ತದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಒಳ್ಳೆಯ ಭಾಷಣ ಆಗುತ್ತಿತ್ತು. ನಿಲ್ಲಿಸೋಕೆ ಆಗಲ್ಲ, ಯಾಕೆಂದರೆ ಪ್ರಶ್ನೆಯ ಎರಡನೇ ಭಾಗ ಹಾಗೇ ಇದೆ. ಬೆಲೆ ತೆರಬೇಕಾದವರು ಯಾರು?

ದೇವದುರ್ಗ ತಾಲ್ಲೂಕಿನಲ್ಲಿ ನಮ್ಮದೊಂದು ಹೊಲ ಇದೆ. ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಆ ಕಡೆ ಹತ್ತಿ, ಮೆಣಸಿನಕಾಯಿ ಜೋರಾಯಿತು. ಸಾಗುವಳಿ ಮಾಡೋದು ಕಾಕಾ. ನಮ್ಮ ಅಪ್ಪನ ಪಾಲಿಗೆ ವರ್ಷಕ್ಕೊಮ್ಮೆ ಜೋಳ, ತೊಗರಿ, ಒಂದಿಷ್ಟು ದುಡ್ಡು ಬರುತ್ತದೆ. ಹೊಲದ ಒಂದು ಅಂಚಿನಲ್ಲಿ ಕೊರಕಲು, ಬಳ್ಳಾರಿ ಜಾಲಿ, ಹುಲ್ಲು, ಹೆಸರಿಲ್ಲದ ಗಿಡಗಂಟಿ. ಪಹಣಿಯಲ್ಲಿ ಅದು ಖರಾಬು. ಹೋದ ವರ್ಷ ಕಾಕಾ ಫೋನ್ ಮಾಡಿ, ಜೆಸಿಬಿ ತರಿಸಿ ಅದನ್ನೆಲ್ಲ ಕಿತ್ತು ಮಟ್ಟ ಮಾಡಿಸೋಣ, ಖರ್ಚಿನಲ್ಲಿ ಅರ್ಧ ಕೊಡು ಅಂದರು. ಊರಿಗೆ ಹೋದಾಗ ಮಾತಾಡೋಣ ಅಂದೆ. ಹೋದಾಗ ಪೊದೆ ತೋರಿಸಿ, ಅಲ್ಲಿ ಹಕ್ಕಿ ಇವೆ ಕಾಕಾ ಅಂದೆ.

“ಇರವಲ್ಲವೇಕ. ಹಾವು ಅದಾವು, ಹಂದಿ ಅದಾವು, ನಿನ್ನ ಗುಬ್ಬಿನೂ ಅದಾವು. ತಮ್ಮಾ, ಇದು ಹತ್ತು ಗುಂಟೆ ಐತಿ. ನೀರ ಬಂತಂದ್ರ ಹತ್ತು ಗುಂಟೇದಾಗ ಎರಡು ಕ್ವಿಂಟಲ್ ಹತ್ತಿ ಬರ್ತೈತಿ. ನಿನ್ನ ಗುಬ್ಬಿ ಎಷ್ಟು ಕ್ವಿಂಟಲ್ ಕೊಡ್ತೈತಿ ಹೇಳು.”

ಲೆಕ್ಕ ಹಾಕಿ ನೋಡಿದೆ. 2024-25ರಲ್ಲಿ ಉದ್ದ ಎಳೆಯ ಹತ್ತಿಗೆ ಕೇಂದ್ರ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 7,521 ರೂಪಾಯಿ. ಎರಡು ಕ್ವಿಂಟಲಿಗೆ ಹದಿನೈದು ಸಾವಿರ. ಬೀಜ, ಗೊಬ್ಬರ, ಔಷಧಿ, ಬಿಡಿಸುವ ಕೂಲಿ ಕಳೆದರೆ ಇನ್ನೂ ಕಮ್ಮಿ. ಬೆಂಗಳೂರಿನಲ್ಲಿ ಒಂದು ವೀಕೆಂಡ್ ಟ್ರಿಪ್ಪಿನಲ್ಲಿ ಹೋಗುವ ದುಡ್ಡು. ಕಾಕಾಗೆ ಅದು ಮಗಳ ಹಾಸ್ಟೆಲ್ ಫೀಸಿನ ಒಂದು ಕಂತು.

ಜೀವಕ್ಕೆ ಬೆಲೆ ಇದೆ ಅಂತ ಸಾಧಿಸುವುದು ಒಂದು ಕೆಲಸ. ಆ ಬೆಲೆಯನ್ನು ಇವರೇ ಕೊಡಬೇಕು ಅಂತ ಹೇಳುವುದು ಬೇರೆಯೇ ಕೆಲಸ. ಎರಡನ್ನೂ ಕಲಸಿಬಿಟ್ಟರೆ ತಪ್ಪು ಎರಡು ಕಡೆ ಆಗುತ್ತದೆ. ಹಕ್ಕಿಗೆ ಬೆಲೆ ಇದೆ, ಆದ್ದರಿಂದ ಪೊದೆ ಕಡಿಯುವ ರೈತ ಪಾಪಿ ಅಂತ ಒಂದು ಕಡೆ. ರೈತ ಬಡವ, ಆದ್ದರಿಂದ ಹಕ್ಕಿಗೆ ಬೆಲೆಯೇ ಇಲ್ಲ ಅಂತ ಇನ್ನೊಂದು ಕಡೆ. ಫೇಸ್‌ಬುಕ್ಕಿನಲ್ಲಿ ಪರಿಸರದ ಜಗಳ ಎಲ್ಲ ನಡೆಯೋದು ಈ ಎರಡರ ನಡುವೆಯೇ.

ಯಾರದೋ ಒಳ್ಳೆಯದಕ್ಕೆ ಯಾರೋ ಬೆಲೆ ತೆರುವುದು ಅಂದರೇನು ಅಂತ ರಾಯಚೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಇವತ್ತು ಎಂಟು ಘಟಕಗಳು ಸೇರಿ 1,720 ಮೆಗಾವ್ಯಾಟ್ ಸಾಮರ್ಥ್ಯ. ದಶಕಗಳ ಕಾಲ ರಾಜ್ಯದ ಊರೂರಿಗೆ, ಬೆಂಗಳೂರಿಗೂ, ಬೆಳಕು ಹೋಗಿದ್ದು ಇಲ್ಲಿಂದ. ಕಲ್ಲಿದ್ದಲು ಸುಟ್ಟು ಉಳಿದ ಬೂದಿ ಇಲ್ಲೇ ಉಳಿಯಿತು. 2018ರಲ್ಲಿ ನೀತಿ ಆಯೋಗ ದೇಶದ ಹಿಂದುಳಿದ ಜಿಲ್ಲೆಗಳನ್ನು ಆರಿಸಿ ‘ಮಹತ್ವಾಕಾಂಕ್ಷೆಯ ಜಿಲ್ಲೆ’ ಅಂತ ಹೆಸರಿಟ್ಟಾಗ ಕರ್ನಾಟಕದಿಂದ ಆ ಪಟ್ಟಿ ಸೇರಿದ್ದು ರಾಯಚೂರು, ಯಾದಗಿರಿ. ಇನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಮಾನ್ವಿ, ರಾಯಚೂರಿನ ರೈತರು ಮೇಲ್ಭಾಗದವರು ಬಳಸಿ ಮಿಕ್ಕ ನೀರಿಗೆ ಕಾಯುತ್ತಾ ಎಷ್ಟು ವರ್ಷದಿಂದ ಕೂಗುತ್ತಿದ್ದಾರೆ. ಇಂಥ ಜಿಲ್ಲೆಗೆ ಹೋಗಿ, ಬೆಂಗಳೂರಿನ ಫ್ಲಾಟಿನಿಂದ ಕಲಿತ ಹಕ್ಕಿ ಪ್ರೀತಿಗಾಗಿ ನಿನ್ನ ಹತ್ತು ಗುಂಟೆ ಬಿಟ್ಟುಕೊಡು ಅನ್ನುವುದು ಹಳೆಯ ವ್ಯವಹಾರದ ಹೊಸ ರೂಪ.

ಹಾಗಾಗಿ ನಾನು ಒಂದು ಸಲಹೆ ಕೊಟ್ಟೆ. ಆ ಹತ್ತು ಗುಂಟೆ ಹತ್ತಿಯ ಲೆಕ್ಕ ನಾನು ಕೊಡ್ತೀನಿ, ಹಾಗೇ ಬಿಡಿ ಅಂತ. ಕಾಕಾ ನಕ್ಕುಬಿಟ್ಟರು.

“ಗುಬ್ಬಿಗೆ ಬಾಡಿಗಿ ಕಟ್ತೀಯೇನು? ಊರಾಗ ಯಾರಿಗರ ಹೇಳಿ ಗಿಳಿಯ, ನಗತಾರ.”

ನಗು ನಿಂತ ಮೇಲೆ ಅವರು ಹೇಳಿದ್ದು ಮುಖ್ಯ ಮಾತು. ಹೊರಗಿನವರ ಹಾಗೆ ದುಡ್ಡು ಕೊಡೋದು ಬೇಡ, ಹೊಲದಾಗ ನಿಂದೂ ಪಾಲಿಲ್ಲೇನು ಅಂದರು. ಆ ಮಾತಿನಿಂದ ನನಗೆ ವ್ಯತ್ಯಾಸ ಸ್ಪಷ್ಟವಾಯಿತು. ಬಾಡಿಗೆ ಕೊಟ್ಟರೆ ನಾನು ಗಿರಾಕಿ, ಹಕ್ಕಿ ನನ್ನ ಹವ್ಯಾಸ, ಕಾಕಾ ಅದನ್ನು ಒದಗಿಸುವವರು. ನನಗೆ ಬೇಜಾರಾದ ವರ್ಷ ಒಪ್ಪಂದ ಮುಗಿಯುತ್ತದೆ. ಪಾಲು ಅಂದರೆ ಬೇರೆ. ನಷ್ಟದಲ್ಲೂ ಇಬ್ಬರೂ ಇದ್ದೀವಿ ಅಂತ. ಕೊನೆಗೆ ಆದ ತೀರ್ಮಾನ ಇಷ್ಟು: ಆ ಹತ್ತು ಗುಂಟೆಯನ್ನು ಅಪ್ಪನ ಪಾಲಿನ ಲೆಕ್ಕದಲ್ಲಿ ಹಿಡಿಯೋದು, ನಮಗೆ ಬರುವುದರಲ್ಲಿ ಅಷ್ಟು ಕಮ್ಮಿ. ಅಪ್ಪ ಒಪ್ಪಿದರು. ಕಾಕಾ ಒಂದು ಷರತ್ತು ಹಾಕಿದರು. “ಮಳಿ ಕೈಕೊಟ್ಟ ವರ್ಷ ನಾ ಯಾರನ್ನೂ ಕೇಳಂಗಿಲ್ಲ. ಕಿತ್ತಿ ಹಾಕ್ತೀನಿ.”

ಆ ಷರತ್ತಿಗೆ ನಾನು ಎದುರು ಮಾತಾಡಲಿಲ್ಲ. ಅಂಥ ವರ್ಷ ಬಂದರೆ ಅವರು ಮಾಡೋದು ಸರಿ ಅಂತಲೇ ನನ್ನ ಅಭಿಪ್ರಾಯ. ಅಶೋಕನ ಪ್ರಶ್ನೆಗೆ ಅವರ ಹತ್ತಿರ ಉತ್ತರ ಇರುತ್ತದೆ, ಕಾರಣ ಇರುತ್ತದೆ. ಮಗಳ ಓದು ದೊಡ್ಡ ಕಾರಣ.

ಆದರೆ ಸರಿಯಾದ ಕಾರಣಕ್ಕೆ ಮಾಡಿದ ನಷ್ಟ ನಷ್ಟವಾಗಿಯೇ ಉಳಿಯುತ್ತದೆ. ಆಸ್ಪತ್ರೆಗೆ ದುಡ್ಡು ಬೇಕು ಅಂತ ಅಜ್ಜಿಯ ಬಂಗಾರ ಮಾರಿದವರು ಯಾರೂ ಆ ಬಂಗಾರಕ್ಕೆ ಬೆಲೆ ಇರಲಿಲ್ಲ ಅನ್ನಲ್ಲ. ಮಾರಬೇಕಾಯಿತು ಅಂತಾರೆ. ‘ಬೇಕಾಯಿತು’ ಅನ್ನುವ ಆ ಒಂದು ಪದದಲ್ಲಿ ಕಳೆದುಕೊಂಡದ್ದಕ್ಕೆ ಮರ್ಯಾದೆ ಇದೆ. ಪೊದೆಯ ವಿಷಯದಲ್ಲಿ ನಾವು ಹಾಗೆ ಮಾತಾಡಲ್ಲ. ಕ್ಲೀನ್ ಮಾಡಿಸಿದ್ವಿ ಅಂತೀವಿ. ಕೊಳೆ ಇತ್ತು, ತೆಗೆದ್ವಿ ಅನ್ನುವ ಹಾಗೆ. ನನ್ನ ತಕರಾರು ಹೆಚ್ಚು ಇರುವುದು ಈ ಭಾಷೆಯ ಬಗ್ಗೆ. ಕಡಿಯುವುದಕ್ಕಿಂತ ಮೊದಲೇ ಪದಗಳಲ್ಲಿ ಅದನ್ನು ಇಲ್ಲವಾಗಿಸಿಬಿಡುತ್ತೇವೆ: ಖರಾಬು, ಬಂಜರು, ಖಾಲಿ ಸೈಟು. ಪದ ಹಾಗಿದ್ದ ಮೇಲೆ ಕಾರಣ ಕೇಳುವ ಪ್ರಸಂಗವೇ ಬರಲ್ಲ. ಕಾಕಾಗೆ ಕೊನೆಪಕ್ಷ ಆ ಪೊದೆಯಲ್ಲಿ ಯಾರ್ಯಾರಿದ್ದಾರೆ ಅಂತ ಗೊತ್ತಿತ್ತು. ಹಾವು, ಹಂದಿ, ಗುಬ್ಬಿ ಅಂತ ಲೆಕ್ಕ ಹೇಳಿದರು. ಖಾಲಿ ಅನ್ನಲಿಲ್ಲ.

ಖಾಲಿ ಅನ್ನೋದು ನಮ್ಮ ಸಿಟಿಯವರ ಪದ. ಹತ್ತಿ ಬೆಳೆಯೋಕೆ ಅಲ್ಲ, ಫೀಸು ಕಟ್ಟೋಕೂ ಅಲ್ಲ, ಬರೀ ನೋಡೋಕೆ ನೀಟಾಗಿರಲಿ ಅಂತ ಅಪಾರ್ಟ್‌ಮೆಂಟಿನ ಹಿಂದಿನ ಪೊದೆ ಬೋಳಿಸಿ ಲಾನ್ ಹಾಕಿಸುವವರು ನಾವು. ಅಸೋಸಿಯೇಷನ್ ಮೀಟಿಂಗಿನಲ್ಲಿ ಆ ವಿಷಯ ಎರಡು ನಿಮಿಷದಲ್ಲಿ ಪಾಸಾಗುತ್ತದೆ. ಕಾಕಾನ ಕಾರಣದ ತೂಕದ ಮುಂದೆ ನಮ್ಮ ಕಾರಣ ಇಟ್ಟು ನೋಡಿದರೆ ತಕ್ಕಡಿ ಅಲ್ಲಾಡುವುದೂ ಇಲ್ಲ. ಹಾಗಿದ್ದೂ ಪರಿಸರದ ಪಾಠ ನಾವು ಅವರಿಗೆ ಹೇಳ್ತೀವಿ.

ಮುಂದಿನ ಸಲ ಆ ವಿಷಯ ನಿಮ್ಮ ಮೀಟಿಂಗಿನಲ್ಲಿ ಬಂದರೆ ಒಂದು ಕೆಲಸ ಮಾಡಿ. ಮಳೆಗಾಲ ಮುಗಿಯುವವರೆಗೆ ಕಾಯಿರಿ, ಗೂಡುಗಳಿರುವ ಕಾಲ ಅದು. ಆಮೇಲೆ ಒಂದು ಬೆಳಗ್ಗೆ ಕಾಫಿ ಲೋಟ ಹಿಡಿದುಕೊಂಡು ಅಲ್ಲಿ ಹತ್ತು ನಿಮಿಷ ನಿಲ್ಲಿ. ಹೆಚ್ಚಿಗೆ ಏನೂ ಕಾಣಿಸಲ್ಲ, ಒಂದು ಬಾಲ, ಒಂದು ಚಟಪಟ ಸದ್ದು, ಅಷ್ಟೇ. ಆಮೇಲೂ ಕಡಿಯಲೇಬೇಕು ಅಂತಾದರೆ ಕಡಿಯಿರಿ. ಅಲ್ಲಿ ಏನೂ ಇರಲಿಲ್ಲ ಅಂತ ಮಾತ್ರ ಹೇಳಬೇಡಿ.